ಅಕ್ಕಿಯಲ್ಲಿ ಬರೆದ ಹೆಸರು

ಕುಡಚಿ ಸ್ಟೇಷನ್ನಿಗೆ ಹೋಗುವ ಬಸ್ಸು ತೇರದಾಳದ ಆಚೆ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದಿದ್ದರೆ ಮಿರಜದಲ್ಲಿ ಗಾಡಿ ತಪ್ಪಬಹುದಿತ್ತು. ಸಿಡುಬಿನ ಲಸಿಕೆಯ ಸರ್ಟಿಫಿಕೇಟಿನ ಮಸಿ ಬೆವರಿಗೆ ಅಳಿಸಬಹುದಿತ್ತು. ಡಬ್ಬಿಯೊಳಗಿನ ಕೆಂಪು ಚಟ್ನಿಪುಡಿಯನ್ನು ಕಸ್ಟಮ್ಸಿನವರು ಏನೋ ಸ್ಫೋಟಕವೆಂದು ತಿಳಿಯಬಹುದಿತ್ತು. ಪ್ರತಿಜ್ಞೆ ಮಾಡಿ ಸಹಿ ಹಾಕಿದ ನಾನು ಹಡಗು ಬಿಡುವ ಮೊದಲೇ ಸತ್ತುಹೋಗಬಹುದಿತ್ತು. ಸತ್ತವನ ಅಫಿಡವಿಟ್ಟಿಗೆ ಬೆಲೆ ಉಂಟೋ ಇಲ್ಲವೋ ಎಂದು ಪುಸ್ತಕ ತೆಗೆದು ನೋಡಿಯೂ ಇಟ್ಟಿದ್ದೆ. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಮುಂಬಯಿ ಬಂದರಿನ ಅಧಿಕಾರಿ ಎರಡು ಕಾಗದ ಎರಡು ಕೈಯಲ್ಲಿ ಹಿಡಿದು, "ಇದರಲ್ಲಿ ರಮಾ, ಅದರಲ್ಲಿ ಕಮಲಾ. ಹಡಗು ಹತ್ತುವವರು ಯಾರು?" ಎಂದು ಕೇಳಬಹುದಿತ್ತು.

ಬಸ್ಸು ಕೆಡಲಿಲ್ಲ, ಗಾಡಿ ತಪ್ಪಲಿಲ್ಲ, ಚಟ್ನಿಪುಡಿ ಸುರಕ್ಷಿತವಾಗಿ ಆಫ್ರಿಕಾ ಮುಟ್ಟಿತು. ನಾನು ಈಗಲೂ ಬದುಕಿದ್ದೇನೆ. ಐವತ್ತು ದಾಟಿದ್ದೇನೆ, ಕಾಳಜಿ ಮಾಡುವ ಚಟ ಬಿಟ್ಟಿಲ್ಲ.

ಅದು 1954. ಆಗ ನಮ್ಮದು ಮುಂಬಯಿ ರಾಜ್ಯ, ವಿಜಾಪುರ ಜಿಲ್ಲೆ. ಸಂಸ್ಥಾನ ಹೋಗಿ ಆರು ವರ್ಷವಾಗಿದ್ದರೂ ಜನ ಇನ್ನೂ ಕೋರ್ಟಿಗೆ "ರಾಜರ ಕಚೇರಿ" ಅನ್ನುತ್ತಿದ್ದರು. ನಾನು ಜಮಖಂಡಿಯಲ್ಲಿ ವಕೀಲ. ನನ್ನ ಹತ್ತಿರ ಬರುತ್ತಿದ್ದುದು ಹುನ್ನೂರಿನ ಹೊಲದ ಗಡಿ ಬಾಂದಿನ ಜಗಳ, ಬನಹಟ್ಟಿಯ ಮಗ್ಗದ ಪಾಲುದಾರಿಕೆ, ಬೀಳಗಿಯ ದತ್ತಕದ ತಕರಾರು. ಸಮುದ್ರ ದಾಟುವ ಕೆಲಸ ಬಂದದ್ದು ಅದೊಂದೇ.

ತಂದವರು ಮುಧೋಳದ ನಾರಾಯಣರಾವ ಗಲಗಲಿ, ಎಲ್ಲರ ಬಾಯಲ್ಲಿ ರಾವಸಾಹೇಬರು. ಕಣ್ಣಿಗೆ ಪೊರೆ ಬಂದಿದ್ದ ಹಿರಿಯರು. ಅವರ ಮಗ ದಾರ್ ಎಸ್ ಸಲಾಮ್ ಎಂಬ ಆಫ್ರಿಕದ ಬಂದರು ಊರಿನಲ್ಲಿ, ಹಿಂದೂಸ್ತಾನದವರ ಮಕ್ಕಳ ಶಾಲೆಗೆ ಮಾಸ್ತರ. ಮದುವೆಯಾದ ವರ್ಷವೇ ಹೋದವನು ನಾಲ್ಕು ವರ್ಷವಾದರೂ ಹೆಂಡತಿಯನ್ನು ಕರೆಸಿಕೊಂಡಿರಲಿಲ್ಲ. ಈಗ ಪರ್ಮಿಟ್ ಬಂದಿತ್ತು. ಪರ್ಮಿಟ್ ಎಂದರೆ ಆ ದೇಶದ ಸರಕಾರ "ಈ ಹೆಸರಿನವರು ಒಳಗೆ ಬರಬಹುದು" ಎಂದು ಕೊಡುವ ಅಪ್ಪಣೆ. ಪಾಸಪೋರ್ಟ್ ನಮ್ಮ ಸರಕಾರ ಕೊಡುವ ಗುರುತು. ಎರಡೂ ಕೂಡಿದರೇನೇ ಹಡಗು.

ರಾವಸಾಹೇಬರು ಎರಡನ್ನೂ ನನ್ನ ಮೇಜಿನ ಮೇಲಿಟ್ಟು, "ನೋಡ್ರಿ ವಕೀಲಸಾಹೇಬ್ರ, ಎಲ್ಲಾ ಛಲೋ ಅದ ಅಲ್ಲ?" ಅಂದರು.

ಪಾಸಪೋರ್ಟಿನಲ್ಲಿ ರಮಾ ಶ್ರೀಪಾದ ಗಲಗಲಿ. ಪರ್ಮಿಟ್ಟಿನಲ್ಲಿ ಕಮಲಾ ವಾಮನ ಇನಾಮದಾರ.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಕನ್ನಡ, ಮರಾಠಿ ಎರಡೂ ಆಡುವ ನಮ್ಮ ಮನೆತನಗಳಲ್ಲಿ ಹೆಣ್ಣಿನ ಹೆಸರಿಗೆ ಮೂರು ತುಂಡು: ಅವಳ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮದುವೆಯಾದರೆ ನಡುವಿನ ತುಂಡು ಹೋಗಿ ಗಂಡನ ಹೆಸರು ಬರುತ್ತದೆ, ಕೊನೆಗೆ ಗಂಡನ ಮನೆಯ ಅಡ್ಡಹೆಸರು. ಅಷ್ಟಕ್ಕೇ ಬಿಡುವುದಿಲ್ಲ, ಮೊದಲಿನ ತುಂಡನ್ನೂ ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ತೇರದಾಳದ ಇನಾಮದಾರರ ಕಮಲಾ ಹೀಗೆ ಒಂದು ಮಧ್ಯಾಹ್ನದಲ್ಲಿ ಮುಧೋಳದ ರಮಾ ಆಗಿದ್ದಳು.

ಮಗ ಅಲ್ಲಿ ಪರ್ಮಿಟ್ಟಿಗೆ ಅರ್ಜಿ ಕೊಡುವಾಗ ಅವಳ ಶಾಲೆಯ ದಾಖಲೆ ಲಗತ್ತಿಸಿದ್ದ. ಅಲ್ಲಿಯ ಕಾರಕೂನ ಅದನ್ನೇ ನೋಡಿ ಬರೆದುಬಿಟ್ಟ. ಅವನದೇನು ತಪ್ಪು? ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಾಗ ಕೊಟ್ಟ ಕಾಗದ ಅದು. ಸಂಸ್ಥಾನವೇ ಈಗ ಇರಲಿಲ್ಲ, ಆದರೆ ಮುದ್ರೆ ಮಾತ್ರ ಬಹಳ ಠೀವಿಯಿಂದ ಕೂತಿತ್ತು.

"ಮದುವೆಯ ಕಾಗದ ಏನಾದರೂ?" ಎಂದೆ.

ಲಗ್ನಪತ್ರಿಕೆ ತಂದಿದ್ದರು. ಅದರಲ್ಲಿ ಕಮಲಾ ಅಂತಲೇ ಇತ್ತು. ಇರಲೇಬೇಕು, ಪತ್ರಿಕೆ ಅಚ್ಚಾದಾಗ ರಮಾ ಇನ್ನೂ ಹುಟ್ಟಿರಲಿಲ್ಲ. ಆ ಹೆಸರಿನ ಮೂಲ ದಾಖಲೆ ಅಂದರೆ ಆ ತಾಟಿನ ಅಕ್ಕಿ. ಮರುದಿನ ಅದನ್ನು ಅನ್ನ ಮಾಡಿ ಉಂಡರು. ಉಂಡವರಲ್ಲಿ ನಾನೂ ಒಬ್ಬ. ಅವಳ ತಂದೆ ವಾಮನರಾವ ಇನಾಮದಾರ ನನ್ನ ಬಾಲ್ಯದ ಗೆಳೆಯ. ಮದುವೆಯಲ್ಲಿ ನಾನು ತಾಟಿನ ಪಕ್ಕದಲ್ಲೇ ಕೂತಿದ್ದೆ, ಉಂಗುರ ಅಕ್ಕಿಯಲ್ಲಿ ಓಡಿದ್ದನ್ನು ಕಣ್ಣಾರೆ ನೋಡಿದ್ದೆ. ಈಗ ವಾಮನರಾವ ದಮ್ಮು ಹತ್ತಿ ಹಾಸಿಗೆ ಹಿಡಿದಿದ್ದ, ಬಂದು ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಪರ್ಮಿಟ್ ತಿದ್ದಿಸಲಿಕ್ಕೆ ಕಳಿಸೋಣ ಎಂದೆ. ರಾವಸಾಹೇಬರು ಆಗುವುದಿಲ್ಲವೆಂದು ತಲೆಯಾಡಿಸಿದರು. ಅದರ ಮುದ್ದತು ಆ ತಿಂಗಳ ಕೊನೆಗೆ ತೀರುತ್ತಿತ್ತು. ಹೊಸದಕ್ಕೆ ಮೊದಲಿನಿಂದ ಅರ್ಜಿ ಹಾಕಬೇಕು. ಅಲ್ಲಿ ಕಾಯಿದೆ ದಿನದಿಂದ ದಿನಕ್ಕೆ ಬಿಗಿಯಾಗುತ್ತಿದೆ, ಸಿಕ್ಕರೆ ಸಿಕ್ಕಿತು ಎಂದು ಮಗ ಬರೆದಿದ್ದನಂತೆ.

ಆಗ ನಡುಮನೆಯ ಬಾಗಿಲ ಮರೆಯಿಂದ ಒಂದು ದನಿ ಬಂತು. ಮಾವನ ಜೊತೆ ಬಂದಿದ್ದ ರಮಾ ಅಲ್ಲಿಯವರೆಗೆ ನನ್ನ ಹೆಂಡತಿಯ ಜೊತೆ ಒಳಗೆ ಕೂತಿದ್ದಳು.

"ಕಾಕಾ, ಮುಧೋಳದಾಗ ಮಂದಿ ಏನಂತಾರ ನಿಮಗ ಗೊತ್ತದ. ಅವರಿಗೆ ಅಲ್ಲೇ ಇನ್ನೊಬ್ಬಾಕಿ ಇದ್ದಾಳ, ಇಕಿನ್ನ ಬಿಟ್ಟಾರ ಅಂತಾರ. ಈಗ ಹಡಗದ ಬುಡಕ್ಕ ಹೋಗಿ ಹೊಳ್ಳಿ ಬಂದ್ರ, ಗಂಡನಽ ಬ್ಯಾಡಂದ ಅಂತ ಪಕ್ಕಾ ಆಗ್ತದ. ಆಮ್ಯಾಲೆ ನಾ ಯಾವ ಮನಿಗೆ ಹೋಗ್ಬೇಕ್ರಿ, ಕಮಲಾನ ಮನಿಗೋ, ರಮಾನ ಮನಿಗೋ?"

ರಾವಸಾಹೇಬರು ಕೆಮ್ಮಿದರು. ನಾನು ಕಾಗದ ಎಳೆದುಕೊಂಡೆ.

ವಕೀಲನಾಗಿ ಬೇರೆಯವರ ಅಫಿಡವಿಟ್ ಎಷ್ಟೋ ಬರೆದಿದ್ದೆ. ಇದರಲ್ಲಿ ಪ್ರತಿಜ್ಞೆ ಮಾಡುವವನೂ ನಾನೇ: ಈ ಹೆಣ್ಣುಮಗಳನ್ನು ಹುಟ್ಟಿದಾಗಿನಿಂದ ಬಲ್ಲೆ, ನನ್ನ ಎದುರಿಗೆ ಮದುವೆಯಾಯಿತು, ಹೆಸರು ಬದಲಾಯಿತು, ಕಮಲಾ ಮತ್ತು ರಮಾ ಒಬ್ಬಳೇ. ಮ್ಯಾಜಿಸ್ಟ್ರೇಟರ ಮುಂದೆ ಸಹಿ ಮಾಡುವ ಮೊದಲು ನಾಲ್ಕು ಸಲ ಓದಿದೆ. ಖರೆ ಹೇಳಲಿಕ್ಕೂ ಇಷ್ಟು ಹೆದರಿಕೆಯಾಗುತ್ತದೆಂದು ಸಾಕ್ಷಿದಾರರನ್ನು ಗದರಿಸುತ್ತಿದ್ದ ನನಗೆ ಗೊತ್ತಿರಲಿಲ್ಲ.

ಮುಂಬಯಿ ಹೈಕೋರ್ಟಿನಲ್ಲಿ ನನ್ನದೊಂದು ಅಪೀಲು ಹೇಗೂ ಇತ್ತು. ಹಾಗಾಗಿ ಅವಳನ್ನು ಹಡಗು ಹತ್ತಿಸುವ ಕೆಲಸವೂ ನನಗೇ ಬಂತು. ಹೆಣ್ಣುಮಗಳ ಜೊತೆಗೆ ಇರಲೆಂದು ನನ್ನ ಹೆಂಡತಿಯೂ ಹೊರಟಳು. ಮಿರಜದಿಂದ ಪುಣೆಯವರೆಗೆ ನಾನು ಕಾಗದದ ಚೀಲ ತೆರೆದು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು.

"ಹಡಗ ಮುಳಗತದೋ ಇಲ್ಲೋ ದೇವರಿಗೆ ಗೊತ್ತು," ಅಂದಳು ಹೆಂಡತಿ, "ನೀವಂತೂ ಗಾಡ್ಯಾಗ ಮುಳಗೀರಿ. ಆ ಚೀಲಾ ನನಗ ಕೊಡ್ರಿ, ಇಲ್ಲಾ ಅದರಾಗ ನೀವಽ ಹೋಗಿ ಕೂಡ್ರಿ."

ರಮಾ ಮುಖ ಮುಚ್ಚಿಕೊಂಡು ನಕ್ಕಳು. ಮದುವೆಯಾದ ಮೇಲೆ ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದೇ ಆ ಗಾಡಿಯಲ್ಲಿ.

ಮುಂಬಯಿಯಲ್ಲಿ ಹಡಗಿನ ಕಂಪನಿಯವರು ಅಫಿಡವಿಟ್ ಓದಿ, "ನಮ್ಮದೇನೂ ತಕರಾರಿಲ್ಲ, ಕೊನೆಯ ಮಾತು ಬಂದರಿನ ಇಮಿಗ್ರೇಶನ್ ಅಧಿಕಾರಿಯದು" ಎಂದರು. ದೇಶ ಬಿಟ್ಟು ಹೋಗುವವರ ಕಾಗದ ತಪಾಸಣೆ ಮಾಡಿ ಸಿಕ್ಕಾ ಹೊಡೆಯುವವನು ಅವನು. ಪ್ರಯಾಣಿಕರ ಜೊತೆಗೆ ಒಬ್ಬರಿಗೆ ಮಾತ್ರ ಪಾಸು ಕೊಡುತ್ತಿದ್ದರು. ಹೆಂಡತಿ ಗಿರಗಾಂವದ ತನ್ನ ತಂಗಿಯ ಮನೆಯಲ್ಲಿ ಉಳಿದಳು. ನಾನು ಗೇಟಿನಲ್ಲಿ ಪಾಸು ಪಡೆದು ಒಳಗೆ ಹೋದೆ.

ಅಧಿಕಾರಿ ತೆಳ್ಳಗಿನ, ದಣಿದ ಮುಖದ ಮನುಷ್ಯ. ಮರಾಠಿಯಲ್ಲಿ ಮಾತಾಡಿದ, ರಮಾ ಕೂಡ ಮರಾಠಿಯಲ್ಲೇ ಉತ್ತರ ಕೊಟ್ಟಳು. ನಾನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಕಟಕಟೆಯ ಆಚೆ ನಿಲ್ಲಿಸಿದ. ಪಾಸಪೋರ್ಟ್ ನೋಡಿದ, ಪರ್ಮಿಟ್ ನೋಡಿದ, ನಾನು ಅಂದುಕೊಂಡಂತೆಯೇ ಎರಡನ್ನೂ ಎರಡು ಕೈಯಲ್ಲಿ ಹಿಡಿದ. ನಾನು ಅಫಿಡವಿಟ್ ಮುಂದೆ ಚಾಚಿದೆ. ಪೂರ್ತಿ ಓದಿದ.

"ಬರೆದದ್ದು ನೀವು?"

"ಹೌದು. ನಾನು ವಕೀಲ..."

"ಚೆನ್ನಾಗಿ ಬರೆದೀರಿ. ದಲಾಲರು ತರೋ ಅಫಿಡವಿಟ್ಟೂ ಹಿಂಗಽ ಚೆನ್ನಾಗಿರತಾವ. ಒಬ್ಬಾಕಿ ಹೆಸರಿನ ಪರ್ಮಿಟ್ ಮ್ಯಾಲೆ ಇನ್ನೊಬ್ಬಾಕಿನ್ನ ಹತ್ತಸ್ತಾರ. ನಿಮ್ಮ ಮಾತು ಮುಗೀತು. ಇನ್ನ ಅವರು ಹೇಳಲಿ."

ತಂದೆಯ ಹೆಸರು ಕೇಳಿದ. "ವಾಮನ" ಅಂದಳು. ಊರು? ತೇರದಾಳ. ಶಾಲೆ? ಅಲ್ಲೇ. ಗಂಡ ಎಲ್ಲಿದ್ದಾರೆ? ದಾರ್ ಎಸ್ ಸಲಾಮ್. ಎಲ್ಲವೂ ಸರಸರ.

"ಗಂಡನ ಹೆಸರು?"

ಅವಳು ಸುಮ್ಮನಾದಳು.

ನನಗೆ ಆ ಕ್ಷಣದಲ್ಲಿ ಹೊಳೆಯಿತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಆರತಿಗೋ ಬಸುರಿಯ ಕುಪ್ಪಸದ ಶಾಸ್ತ್ರಕ್ಕೋ ಹೆಂಗಸರು ಕೂಡಿದಾಗ ಬಾಗಿಲು ಅಡ್ಡಗಟ್ಟಿ ಕೇಳಿದರೆ, ಹಾಡಿನಂಥ ಎರಡು ಸಾಲು ಕಟ್ಟಿ, ಅದರೊಳಗೆ ಮುಚ್ಚಿ ಹೇಳುತ್ತಾರೆ. ಅದಕ್ಕೆ ಒಡಪು ಅನ್ನುತ್ತಾರೆ. ಬರಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಅವಳ ಗಂಡ ಸಮುದ್ರದ ಆಚೆ ಒಬ್ಬನೇ ಇದ್ದ.

ಎರಡೂ ಕಾಗದದಲ್ಲಿ ಅವಳ ಹೆಸರಿನ ಒಂದು ತುಂಡೂ ಕೂಡುತ್ತಿರಲಿಲ್ಲ. ಎರಡರಲ್ಲೂ ಇದ್ದ ಒಂದೇ ಹೆಸರು ಗಂಡನದು. ಪರ್ಮಿಟ್ಟಿನ ಕೆಳಗೆ "ಇಂಥವರ ಹೆಂಡತಿ" ಎಂದು ಅದಿತ್ತು. ರಮಾಳನ್ನೂ ಕಮಲಾಳನ್ನೂ ಜೋಡಿಸುವ ಕೊಂಡಿ ಅದೇ. ಅದನ್ನೇ ಅವಳು ಬಾಯಿಂದ ಆಡುವಂತಿರಲಿಲ್ಲ.

"ಗಂಡನ ಹೆಸರು ಗೊತ್ತಿಲ್ಲೇನು?" ಅಧಿಕಾರಿ ಮತ್ತೆ ಕೇಳಿದ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಹಡಗಿನ ಸೀಟಿ ಕೂಗಿತು.

"ಸಾಹೇಬ್ರ, ನಮ್ಮ ಕಡೆ ಪದ್ಧತಿ..." ಎಂದು ನಾನು ಬಾಯಿ ತೆಗೆದೆ.

"ನೀವು ಇನ್ನೊಂದು ಶಬ್ದ ಆಡಿದ್ರ ಇಬ್ಬರನ್ನೂ ಗೇಟಿನ ಹೊರಗ ಕಳಸ್ತೀನಿ. ನೀವು ಕಲಿಸಿಕೊಟ್ಟದ್ದು ನನಗ ಬ್ಯಾಡ," ಅಂದು ಪಾಸಪೋರ್ಟ್ ಮುಚ್ಚಿ ಅದರ ಮೇಲೆ ಕೈಯಿಟ್ಟ.

ಅವಳು ತಿರುಗಿ ನನ್ನ ಕಡೆ ನೋಡಿದಳು. ಸಹಾಯ ಕೇಳುತ್ತಿದ್ದಾಳೆ ಎಂದು ಮೊದಲು ತಿಳಿದೆ. ಆಮೇಲೆ ತಿಳಿಯಿತು. ಆ ಅಧಿಕಾರಿ ಪರಕೀಯ, ಸಾಲಿನವರು ಪರಕೀಯರು. ಆ ಇಡೀ ಬಂದರಿನಲ್ಲಿ ಅವಳ ಊರ ಕಡೆಯ ಹಿರಿಯ ಗಂಡಸು ನಾನೊಬ್ಬನೇ. ಅವಳಿಗೆ ಅಡ್ಡವಾಗಿದ್ದವನು ನಾನು.

ನಾನು ಬೆನ್ನು ತಿರುಗಿಸಿದೆ. ಗೋಡೆಯ ಕಡೆ ಮುಖ ಮಾಡಿ, ಅವಳಿಗೆ ಕಾಣುವ ಹಾಗೆ ಎರಡೂ ಕಿವಿಗೆ ಬೆರಳು ಇಟ್ಟುಕೊಂಡೆ. ಕೋಟು ತೊಟ್ಟ ವಕೀಲ, ಮಾಸ್ತರನಿಂದ ಶಿಕ್ಷೆ ತಿಂದ ಹುಡುಗನ ಹಾಗೆ ನಿಂತದ್ದನ್ನು ಸಾಲಿನವರೆಲ್ಲ ನೋಡಿದರು.

ಬೆರಳು ಅಷ್ಟೇನೂ ಗಟ್ಟಿಯಾಗಿ ಇಟ್ಟುಕೊಂಡಿರಲಿಲ್ಲ.

"ಶ್ರೀಪಾದ," ಎಂದಿತು ಹಿಂದಿನ ದನಿ. ಸ್ವಲ್ಪ ತಡೆದು, ಇನ್ನೂ ಜೋರಾಗಿ, "ಶ್ರೀಪಾದ ನಾರಾಯಣ ಗಲಗಲಿ. ಅವರು ಮದಿವಿ ಆದದ್ದು ಕಮಲಾನ್ನ. ಹೆಸರಿಟ್ಟದ್ದು ರಮಾ ಅಂತ. ಎರಡೂ ನಾನಽ. ಇನ್ನೇನು ಕೇಳ್ತೀರಿ ಕೇಳ್ರಿ."

ಅವನು ಏನೂ ಕೇಳಲಿಲ್ಲ. ಕೇಳಿಸಿದ್ದು ಸಿಕ್ಕಾ ಬಿದ್ದ ಸಪ್ಪಳ.

ಹಡಗಿನ ಮೆಟ್ಟಿಲಿನವರೆಗೆ ಅವಳ ಜೊತೆ ಹೋದೆ. ಅಲ್ಲಿ ನಿಂತು ಅವಳು, "ಕಾಕಾ, ನಿಮಗ ಕೇಳಿಸ್ತೇನು?" ಎಂದಳು.

"ಏನವ್ವಾ?"

"ನಾ ಅಂದದ್ದು."

"ಆ ಹಡಗದ ಸೀಟೀಗೆ ನನ್ನ ಕಿವಿ ಕಿವುಡಾಗ್ಯಾವ. ನೀ ಏನರೆ ಅಂದಿ?"

ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಖೊಟ್ಟಿ ಸಾಕ್ಷಿ ಹೇಳಬ್ಯಾಡ್ರಿ, ವಕೀಲರಿದ್ದೀರಿ," ಅಂದು ಬಾಗಿ ನಮಸ್ಕಾರ ಮಾಡಿದಳು. ಕಾಗದದ ಕಟ್ಟು ಪೂರ್ತಿ ಅವಳ ಕೈಗೆ ಕೊಟ್ಟೆ. ಹತ್ತಿಹೋದಳು.

ಈ ಪ್ರಸಂಗ ನನ್ನ ವೃತ್ತಿಗೆ ಒಂದು ಪಾಠ ಕಲಿಸಿತು. ಆ ಅಷ್ಟೂ ದಿನ ಅವಳ ಹೆಸರನ್ನು ನಾನು ಅವಳ ಮಾವನಿಂದ ಕೇಳಿದ್ದೆ, ಕಾಗದದಿಂದ ಓದಿದ್ದೆ, ನನ್ನ ನೆನಪಿನಿಂದ ಬರೆದಿದ್ದೆ. ಅವಳ ಬಾಯಿಂದ ಕೇಳಬೇಕೆಂದು ನನಗಾಗಲಿ ಯಾರಿಗಾಗಲಿ ಅನಿಸಿರಲಿಲ್ಲ. ಅಂದಿನಿಂದ ಹೆಣ್ಣುಮಕ್ಕಳ ಕೆಲಸ ಬಂದರೆ ಗಂಡಸರನ್ನು ಕಟ್ಟೆಗೆ ಕಳಿಸಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ನಿಮ್ಮ ಪೂರ್ತಿ ಹೆಸರು ನೀವಽ ಹೇಳ್ರಿ" ಅನ್ನುತ್ತೇನೆ. ಬಹಳ ಹೊತ್ತಾಗುತ್ತದೆ. ಆದರೆ ಹೇಳುತ್ತಾರೆ. ಹೇಳಿದ ಮೇಲೆ ಮುಂದಿನ ಮಾತೆಲ್ಲ ತಾನಾಗಿ ಬರುತ್ತದೆ. ಎಷ್ಟೋ ಸಲ ಅವರು ಬಂದ ಕೆಲಸವೇ ಬೇರೆ ಇರುತ್ತದೆ, ಕರೆತಂದವರು ಹೇಳಿದ್ದೇ ಬೇರೆ.

ಇಷ್ಟಾಗಿ ಆ ದಿನ ತಪ್ಪಿದ್ದು ಒಂದೇ ಒಂದು, ಅದೂ ಸಣ್ಣದು. ಹಡಗು ದಂಡೆ ಬಿಟ್ಟ ಮೇಲೆ ಗೇಟಿಗೆ ಬಂದೆ. ಪಹರೆಯವನು ಪಾಸು ಕೇಳಿದ. ಕೋಟಿನ ಕಿಸೆ ತಡಕಿದೆ, ಧೋತರದ ಗಂಟು ತಡಕಿದೆ. ಪಾಸು ಕಾಗದದ ಕಟ್ಟಿನಲ್ಲಿ ಸೇರಿ ಆಫ್ರಿಕದ ಕಡೆ ಹೊರಟಿತ್ತು. ಬೇರೆ ಗುರುತಿನ ಕಾಗದ ಏನಿದೆ ಎಂದ. ಒಂದೂ ಇರಲಿಲ್ಲ. ಜಮಖಂಡಿಯ ವಕೀಲ ಎಂದೆ. ಜಮಖಂಡಿ ಎಲ್ಲಿದೆ ಎಂದ. ಬಂದರಿನಲ್ಲಿ ನನ್ನನ್ನು ಬಲ್ಲವರು ಯಾರಾದರೂ ಇದ್ದಾರೆಯೇ ಎಂದ. ಇದ್ದವಳು ಸಮುದ್ರದ ಮೇಲಿದ್ದಳು.

ಬಹಳ ಹೊತ್ತು ಸ್ಟೂಲಿನ ಮೇಲೆ ಕೂಡಿಸಿದ. ಅಷ್ಟರಲ್ಲಿ ಆ ಇಮಿಗ್ರೇಶನ್ ಅಧಿಕಾರಿ ಚಹಾಕ್ಕೆ ಹೊರಗೆ ಬಂದವನು ನನ್ನನ್ನು ನೋಡಿ ನಿಂತ. ಅಫಿಡವಿಟ್ಟಿನಲ್ಲಿ ನನ್ನ ಪೂರ್ತಿ ಹೆಸರು ಓದಿದ್ದರೂ ಅವನಿಗೆ ನೆನಪಿರಲಿಲ್ಲ.

"ಬಿಡು, ನಾ ಬಲ್ಲೆ ಇವರನ್ನ," ಅಂದ ಪಹರೆಯವನಿಗೆ. "ಆ ಗಲಗಲಿ ಬಾಯಿಯವರ ಕಾಕಾ."

ಪಹರೆಯವನು ತನ್ನ ಪುಸ್ತಕದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರೂ ಅಂಕಣಗಳಿಗೆ ಅಡ್ಡಲಾಗಿ ಅಷ್ಟನ್ನೇ ಬರೆದು, ಸಹಿ ಮಾಡು ಎಂದು ಪೆನ್ಸಿಲ್ ಕೊಟ್ಟ. ನಾನು ಅದರ ಕೆಳಗೆ ಸಹಿ ಮಾಡಿ ಹೊರಗೆ ಬಂದೆ.