ಹನೂರಿನ ಎರಡು ವಡೆ

ನಾನು ಮೂರನೇ ಕ್ಲಾಸು ಮುಗಿಸಿದ ಆ ಕಾಲದಲ್ಲಿ ನಮ್ಮ ಮುಳ್ಳೂರಿನವರು ಹೋಟೆಲಿನಲ್ಲಿ ಉಣ್ಣಬೇಕೆಂದರೆ ಎರಡೇ ಕಾರಣ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಯಾರಾದರೂ ಮಲಗಿರಬೇಕು, ಇಲ್ಲವೇ ಕೋರ್ಟಿನಲ್ಲಿ ಕೇಸಿರಬೇಕು. ಸುಮ್ಮನೆ ಹಸಿವಾಯಿತೆಂದು ಹೋಟೆಲಿಗೆ ಹೋದವರನ್ನು ಊರು ದುಂದುಗಾರರೆಂದು ಆಡಿಕೊಳ್ಳುತ್ತಿತ್ತು. ಅಂಥದರಲ್ಲಿ ನಾನು ಒಂದು ಇಡೀ ಬೇಸಿಗೆ ರಜೆ ಹೋಟೆಲ್ ಊಟವನ್ನೇ ಉಂಡೆ. ಬೀದಿಯ ಮಕ್ಕಳಿಗೆಲ್ಲ ಹೊಟ್ಟೆಕಿಚ್ಚು. ನಾನೂ ಏನು ಕಡಿಮೆ, ಸಂಜೆ ಬಸ್ಸಿಳಿದವಳೇ ಇವತ್ತು ಏನೇನು ತಿಂದೆ ಎಂದು ಜಂಬ ಕೊಚ್ಚುತ್ತಿದ್ದೆ. ನಮ್ಮ ಮನೆಯಲ್ಲಿ ಒಲೆ ಹಚ್ಚುವವರಿಲ್ಲ ಎಂಬ ಮಾತನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಅವ್ವ ಆ ವರ್ಷ ಶಿವರಾತ್ರಿ ಕಳೆದ ಮೇಲೆ ಜ್ವರ ಬಂದು ಹತ್ತೇ ದಿನಕ್ಕೆ ತೀರಿಕೊಂಡಿದ್ದಳು. ತಿಥಿ ಮುಗಿಸಿಕೊಂಡು ಅಜ್ಜಿ ತನ್ನೂರು ಅಗರಕ್ಕೆ ವಾಪಸ್ಸು ಹೋದಳು. ಅಪ್ಪ ಹೊಲಿಗೆ ಮಷೀನ್ ರಿಪೇರಿ ಮಾಡುವವನು. ಟೈಲರುಗಳ ಅಂಗಡಿ ಹುಡುಕಿಕೊಂಡು ಒಂದು ದಿನ ಕೊಳ್ಳೇಗಾಲ, ಒಂದು ದಿನ ಯಳಂದೂರು, ಒಂದು ದಿನ ಹನೂರು ಎಂದು ತಿರುಗುತ್ತಿದ್ದ. ಶಾಲೆಗೆ ರಜೆ ಕೊಟ್ಟರು, ಮನೆಯಲ್ಲಿ ನನ್ನೊಬ್ಬಳನ್ನೇ ಬಿಡುವ ಹಾಗಿಲ್ಲ. ಒಂದು ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಹೊರಟ.

ಈಗ ನೆನೆದರೂ ಬಾಯಲ್ಲಿ ನೀರೂರುತ್ತದೆ. ಕೊಳ್ಳೇಗಾಲದಲ್ಲಿ ಸೆಟ್ ದೋಸೆ, ಅದರ ಮೇಲೆ ಸಾಗು. ಯಳಂದೂರಿನಲ್ಲಿ ಮುದ್ದೆ, ಉಪ್ಸಾರು, ತಟ್ಟೆಯ ಅಂಚಿಗೆ ಉಂಡೆಕಟ್ಟಿದ ಹಸಿಮೆಣಸಿನಕಾಯಿ ಖಾರ. ಆ ಖಾರಕ್ಕೆ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಅದಕ್ಕೇ ನಾನು ಬೇಕಾದ್ದಕ್ಕಿಂತ ಹೆಚ್ಚು ಕಲಸಿಕೊಳ್ಳುತ್ತಿದ್ದೆ. ಎಲ್ಲಿ ಉಂಡರೂ ಅಪ್ಪನ ಕೈಯ ಮಷೀನ್ ಎಣ್ಣೆಯ ವಾಸನೆ ಊಟದ ಜೊತೆಗಿರುತ್ತಿತ್ತು. ಅಪ್ಪ ಮಾತಾಡುತ್ತಿರಲಿಲ್ಲ. ನಾನು ಅನ್ನ ಕಲಸುತ್ತಾ ಅಕ್ಕಪಕ್ಕದವರ ಮಾತು ಕೇಳುತ್ತಿದ್ದೆ.

ಹನೂರಿನಲ್ಲಿ ಚಿನ್ನತಾಯಮ್ಮನ ಹೋಟೆಲು. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಚಾವಣಿ, ಮೂರು ಬೆಂಚು, ಬಾಳೆ ಎಲೆಯ ಊಟ. ಹುರುಳಿಕಾಳಿನ ಸಾರು, ನುಗ್ಗೆಕಾಯಿ, ರಸಂ. ಆಯಮ್ಮನ ಮನೆಮಾತು ತಮಿಳು. ನನ್ನನ್ನು ‘ಕಣ್ಣು’ ಎಂದು ಕರೆಯುತ್ತಿದ್ದಳು. ಮೊದಲ ದಿನ ನನ್ನ ಕಣ್ಣಿಗೇನೋ ಆಗಿದೆ ಎಂದುಕೊಂಡು ಉಜ್ಜಿಕೊಂಡೆ. ಅವಳು ನಕ್ಕು, ಅವರ ಮಾತಿನಲ್ಲಿ ಅದು ಮುದ್ದಿನ ಹೆಸರು ಎಂದು ಹೇಳಿದಳು.

ಅವಳ ಕಡ್ಲೆಬೇಳೆ ವಡೆ ಅವ್ವನಿಗೆ ಪ್ರಾಣ. ಅಪ್ಪ ಹನೂರಿಗೆ ಹೋದಾಗಲೆಲ್ಲ ಎರಡು ವಡೆ ಕಟ್ಟಿಸಿಕೊಂಡು ಬರುತ್ತಿದ್ದ. ಹಾಗಾಗಿ ಅವ್ವ ಸತ್ತ ಮೇಲೆ ಮೊದಲ ಸಲ ನಾವು ಉಂಡು ಏಳುವಾಗ ಚಿನ್ನತಾಯಮ್ಮ ಕೇಳುವುದಕ್ಕೂ ಹೋಗದೆ ಎರಡು ವಡೆಗೆ ಎಲೆ ಸುತ್ತಿ, ಮೇಲೆ ಪೇಪರು ಸುತ್ತಿ, ದಾರ ಕಟ್ಟಿ ಅಪ್ಪನ ಮುಂದೆ ಹಿಡಿದಳು.

‘ಅವ್ಳ್ಗೆ ಬಿಸೀಲೇ ಕೊಡಪ್ಪ. ಚೆನ್ನಾಗವ್ಳಾ?’

ಅಪ್ಪ ಬಾಯಿ ತೆರೆದ. ಹೇಳಿಬಿಡುತ್ತಾನೆ ಎಂದು ನಾನು ಬೆಂಚಿನ ಅಂಚು ಹಿಡಿದುಕೊಂಡೆ.

‘ಊಂ ಕಣಕ್ಕ, ಅವ್ಳೆ,’ ಎಂದ.

ಆ ದಿನ ಸಂಜೆ ಮನೆಯಲ್ಲಿ ದೀಪ ಹಚ್ಚಿ, ಮೂಲೆಯಲ್ಲಿದ್ದ ಅವ್ವನ ಹೊಲಿಗೆ ಮಷೀನಿನ ಹಲಗೆಯ ಮೇಲೆ ಪೊಟ್ಟಣ ಬಿಚ್ಚಿಟ್ಟ. ನಾನು ಕೈ ಹಾಕಲು ಹೋದರೆ, ‘ತಡಿ ಮಗ, ನಿಮ್ಮವ್ವ ತಿನ್ಲಿ,’ ಎಂದ. ಸತ್ತವರಿಗೆ ಎಡೆ ಇಟ್ಟ ಹಾಗೆ ಇಬ್ಬರೂ ಕಾದು ಕೂತೆವು. ಆಮೇಲೆ ಒಬ್ಬೊಬ್ಬರು ಒಂದೊಂದು ತಿಂದೆವು. ತಣ್ಣಗಾಗಿ ಮೆತ್ತಗಾಗಿತ್ತು, ಸೋಂಪಿನ ವಾಸನೆಯ ಜೊತೆಗೆ ಪೇಪರಿನ ವಾಸನೆ. ನಾನು ಅಂಚನ್ನು ಸುತ್ತ ಮುರಿದು ತಿಂದು ನಡುಭಾಗವನ್ನು ಕೊನೆಗೆ ಉಳಿಸಿಕೊಂಡಿದ್ದನ್ನು ಅಪ್ಪ ನೋಡಿದ.

‘ನೀನೂ ನಿಮ್ಮವ್ವನಂಗೇ ಅಂಚು ಮುರ್ಕಂಡು ತಿಂತೀಯ,’ ಎಂದ.

ಅಷ್ಟು ದಿನಕ್ಕೆ ಅವ್ವನ ಬಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಆ ರಜೆಯಲ್ಲಿ ಹನೂರಿಗೆ ಹೋಗಿಬಂದ ಸಂಜೆಗಳಲ್ಲಿ ಮಾತ್ರ ಅವನು ಅವ್ವನ ಬಗ್ಗೆ ಮಾತಾಡಿದ. ಮದುವೆಯಾದ ಹೊಸದರಲ್ಲಿ ಅವಳು ಮಷೀನಿನ ಸೂಜಿ ಮುರಿದು ಬಚ್ಚಿಟ್ಟದ್ದನ್ನು ಹೇಳಿದ, ಬಸ್ಸಿನಲ್ಲಿ ಕಿಟಕಿ ಪಕ್ಕವೇ ಬೇಕೆಂದು ಹಟ ಮಾಡುತ್ತಿದ್ದುದನ್ನು ಹೇಳಿದ. ವಡೆ ಮುಗಿಯುತ್ತಲೇ ಮಾತೂ ಮುಗಿಯುತ್ತಿತ್ತು.

ಆದರೆ ನನಗೆ ಎಂಟು ವರ್ಷ. ಸುಳ್ಳು ಹೇಳುವವನು ಅಪ್ಪನಾದರೂ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಬೇಕಾದವಳು ನಾನೂ ತಾನೇ. ಚಿನ್ನತಾಯಮ್ಮ ನನ್ನ ಜಡೆ ನೋಡಿ, ನಿಮ್ಮವ್ವ ಯಾಕೆ ಹೀಗೆ ಸೊಟ್ಟಗೆ ಹಾಕಿದಳು ಎಂದು ತಮಾಷೆ ಮಾಡಿದರೆ ನಾನು ನಗಬೇಕು. ಅಪ್ಪ ಹೆಣೆದ ಜಡೆ ಅದು. ಊರಲ್ಲಿ ಎಲ್ಲರೂ ಅತ್ತು ಮುಗಿಸಿದ್ದರು, ಅಪ್ಪ ಅಳುತ್ತಲೇ ಇರಲಿಲ್ಲ. ಯಾರಾದರೂ ಹೊಸದಾಗಿ ಕೇಳಿ, ಅಯ್ಯೋ ಎಂದು ನನ್ನನ್ನು ಹಿಡಿದುಕೊಳ್ಳಲಿ ಎಂದು ನನಗೆ ಆಸೆಯಾಗುತ್ತಿತ್ತು.

ನಮ್ಮ ಸೀಮೆಯಲ್ಲಿ ಉಂಡ ಎಲೆಯನ್ನು ಈಚೆಗೆ, ಉಂಡವರ ಕಡೆಗೆ ಮಡಿಸಬೇಕು. ಊಟ ಚೆನ್ನಾಗಿತ್ತು, ಮತ್ತೆ ಬರುತ್ತೇವೆ ಎಂದು ಅರ್ಥ. ಸಾವಿನ ಊಟದಲ್ಲಿ ಮಾತ್ರ ಆಚೆಗೆ ಮಡಿಸುವುದು, ಇಂಥ ಊಟ ಮತ್ತೆ ಬಾರದಿರಲಿ ಎಂದು. ಅವ್ವನ ತಿಥಿಯ ದಿನ ಅಜ್ಜಿ ನನ್ನ ಕೈ ಹಿಡಿದು ಆಚೆಗೆ ಮಡಿಸಿದ್ದಳು. ವರ್ಷ ತುಂಬುವ ತನಕ ಹಾಗೇ ಮಡಿಸಬೇಕೇನೋ ಎಂದುಕೊಂಡು ನಾನು ಹನೂರಿನಲ್ಲೂ ಆಚೆಗೇ ಮಡಿಸಲು ಹೋಗುತ್ತಿದ್ದೆ. ಅಪ್ಪ ಕೈ ಚಾಚಿ, ಯಾರೂ ನೋಡುವ ಮೊದಲೇ ಅದನ್ನು ಈಚೆಗೆ ತಿರುಗಿಸುತ್ತಿದ್ದ. ಎರಡು ಮೂರು ಸಲಕ್ಕೆ ನನಗೆ ಅರ್ಥವಾಯಿತು. ಆಮೇಲೆ ನಾನೇ ಈಚೆಗೆ ಮಡಿಸತೊಡಗಿದೆ.

ಮೇ ತಿಂಗಳ ನಡುವೆ ಒಂದು ದಿನ ಅಪ್ಪ ಬೇಗ ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದ. ಚಿನ್ನತಾಯಮ್ಮ ವಡೆ ಕಟ್ಟಿ ಗಲ್ಲಾದ ಮೇಲಿಟ್ಟು ನಾನು ಉಂಡು ಮುಗಿಸುವುದನ್ನೇ ನೋಡುತ್ತಾ ನಿಂತಿದ್ದಳು. ನಾನು ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆಚೆಗೆ ಮಡಿಸಿದೆ. ಮರೆತು ಮಡಿಸಿಬಿಟ್ಟೆ ಎಂದು ಆಮೇಲೆ ಅಪ್ಪನಿಗೆ ಹೇಳಿದ್ದು ಸುಳ್ಳು. ಬೇಕೆಂದೇ ಮಡಿಸಿದ್ದೆ.

ಅವಳು ಎಲೆ ನೋಡಿದಳು, ನನ್ನ ಮುಖ ನೋಡಿದಳು.

‘ಯಾರು ಕಣ್ಣು?’ ಎಂದು ಮೆಲ್ಲಗೆ ಕೇಳಿದಳು.

‘ಅವ್ವ,’ ಎಂದೆ.

ನಾನು ಆಸೆಪಟ್ಟದ್ದೆಲ್ಲ ಆಯಿತು. ಇಂಗು, ಹೊಗೆ, ಬೆವರು ಎಲ್ಲ ಕಲೆತ ಅವಳ ಸೀರೆಗೆ ನನ್ನ ಮುಖ ಒತ್ತಿಕೊಂಡು ಅತ್ತಳು. ನಾನೂ ಅತ್ತೆ, ಮನಸ್ಸಿಗೆ ಹಾಯೆನಿಸಿತು. ಆಮೇಲೆ ಅವಳು ಗಲ್ಲಾದ ಮೇಲಿದ್ದ ಪೊಟ್ಟಣ ತಂದು, ದಾರ ಬಿಚ್ಚಿ, ಎರಡು ವಡೆಯನ್ನೂ ನನ್ನ ಮುಂದಿಟ್ಟಳು.

‘ನೀನೇ ತಿನ್ನು ಕಣ್ಣು, ಬಿಸಿಯಾಗವೆ.’

ಆ ವಡೆಯನ್ನು ನಾನು ಬಿಸಿಯಾಗಿ ತಿಂದದ್ದು ಅದೇ ಮೊದಲು. ಅಂಚು ಕರುಂ ಎಂದಿತು, ಒಳಗಿನಿಂದ ಹಬೆ ಬಂತು. ಅಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎರಡನ್ನೂ ತಿಂದೆ. ತಲೆ ಎತ್ತಿದಾಗ ಅಪ್ಪ ಹಿತ್ತಲ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದ. ಚಿನ್ನತಾಯಮ್ಮ ಅವನನ್ನು, ‘ನನ್ಗ್ಯಾಕಪ್ಪ ಏಳ್ನಿಲ್ಲ?’ ಎಂದು ಕೇಳಿದಳು. ಅವನು ಚೀಲ ಎತ್ತಿಕೊಂಡ.

ಆ ಸಂಜೆಯೂ ಅವನು ದೀಪ ಹಚ್ಚಿದ. ಮಷೀನಿನ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಇಡಲು ಏನೂ ಇರಲಿಲ್ಲ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೂ ಹನೂರಿಗೆ ಹೋದೆವು. ಚಿನ್ನತಾಯಮ್ಮ ಹೋದಾಗಲೆಲ್ಲ ನನಗೆ ಬಿಸಿ ವಡೆ ತಿನ್ನಿಸಿದಳು, ತಲೆ ಸವರಿದಳು, ಜಡೆ ಬಿಚ್ಚಿ ನೆಟ್ಟಗೆ ಹೆಣೆದಳು. ಪೊಟ್ಟಣ ಮಾತ್ರ ಕಟ್ಟಲಿಲ್ಲ. ಸತ್ತವಳ ಹೆಸರಿನಲ್ಲಿ ಕಟ್ಟುವುದು ಹೇಗೆ ಎಂದು ಅವಳಿಗೂ ಅನ್ನಿಸಿರಬೇಕು. ಕಟ್ಟಿಕೊಡು ಎಂದು ಕೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಅವ್ವ ಮುಳ್ಳೂರಿನಲ್ಲಿ ಸತ್ತಿದ್ದಳು, ಹನೂರಿನಲ್ಲಿ ಇನ್ನೂ ಇದ್ದಳು. ಅಲ್ಲಿಂದಲೂ ನಾನೇ ಕಳಿಸಿಬಿಟ್ಟಿದ್ದೆ. ಅಪ್ಪ ಮತ್ತೆ ಅವಳ ಮಾತೆತ್ತಲಿಲ್ಲ. ಎರಡು ವರ್ಷದ ಹಿಂದೆ ಅವನು ತೀರಿಕೊಳ್ಳುವವರೆಗೂ ಎತ್ತಲಿಲ್ಲ.

ಈಗ ನನ್ನ ಕೆಲಸವೂ ಊರೂರು ತಿರುಗುವುದೇ. ಹೋದಲ್ಲೆಲ್ಲ ಅಲ್ಲಿಯ ಊಟ ಹುಡುಕಿಕೊಂಡು ಹೋಗಿ ಉಣ್ಣುತ್ತೇನೆ, ಒಬ್ಬಳೇ ಒಂದು ಟೇಬಲ್ಲು. ಮೊನ್ನೆ ಹನೂರಿಗೆ ಹೋಗಿದ್ದೆ. ಚಿನ್ನತಾಯಮ್ಮನ ಹೋಟೆಲಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಪಕ್ಕದ ಹೊಸ ಹೋಟೆಲಿನಲ್ಲಿ ಸ್ಟೀಲ್ ತಟ್ಟೆಯ ಮೇಲೆ ದುಂಡಗೆ ಕತ್ತರಿಸಿದ ಹಸಿರು ಪೇಪರ್ ಹಾಸಿ ಊಟ ಕೊಟ್ಟರು. ಅದನ್ನು ಈಚೆಗೂ ಮಡಿಸುವಂತಿಲ್ಲ, ಆಚೆಗೂ ಮಡಿಸುವಂತಿಲ್ಲ. ಏಳುವಾಗ ಎರಡು ಕಡ್ಲೆಬೇಳೆ ವಡೆ ಪಾರ್ಸಲ್ ಹೇಳಿದೆ. ಇಲ್ಲೇ ಬಿಸಿಯಾಗಿ ತಿನ್ನಿ ಮೇಡಂ, ತಣ್ಣಗಾದರೆ ಚೆನ್ನಾಗಿರಲ್ಲ ಎಂದು ಗಲ್ಲಾದವನು ಹೇಳಿದ. ಪರವಾಗಿಲ್ಲ ಎಂದೆ.

ಮನೆಗೆ ಬಂದು ದೀಪ ಹಚ್ಚಿ, ಅವ್ವನ ಮಷೀನಿನ ಹಲಗೆಯ ಮೇಲೆ ಎರಡನ್ನೂ ಬಿಚ್ಚಿಟ್ಟೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಒಂದನ್ನು ಎತ್ತಿಕೊಂಡು ಅಂಚು ಮುರಿದು ತಿಂದೆ. ನಾನು ಯಾರ ಹಾಗೆ ತಿನ್ನುತ್ತೇನೆ ಎಂದು ಹೇಳಲು ಈಗ ಯಾರೂ ಇಲ್ಲ.