ಬಂಡೆಗೆ ಬಿದ್ದ ಭಂಡಾರ

ಜಗಳೂರು ಸೀಮೆಯ ಆ ಹಳ್ಳಿಯಲ್ಲಿ ಗುಡ್ಡದ ಬಂಡೆಯನ್ನು ಗಾದ್ರಮ್ಮನ ಹಾಗೆ ತೊಳೆಯಬಲ್ಲವರು ಇನ್ನೊಬ್ಬರಿರಲಿಲ್ಲ. ನಗುವವರು ನಗಲಿ, ಅದೂ ಒಂದು ಕಸುಬೇ ಆಗಿತ್ತು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಭೂವಿಜ್ಞಾನದ ರಘುನಾಥ ಮೇಷ್ಟ್ರು ಕಾಲೇಜಿನ ಹುಡುಗ ಹುಡುಗಿಯರನ್ನು ವ್ಯಾನಿನಲ್ಲಿ ಕರೆತರುತ್ತಿದ್ದರು. ಅವರು ಬರುವಷ್ಟರಲ್ಲಿ ಗಾದ್ರಮ್ಮ ಕುರಿಹಿಕ್ಕೆ ಗುಡಿಸಿ, ತೆಂಗಿನ ನಾರಿನಲ್ಲಿ ಬಂಡೆ ಉಜ್ಜಿ, ಎರಡು ಕೊಡ ನೀರು ಸುರಿಯುತ್ತಿದ್ದಳು. ಒಣಗಿದ್ದಾಗ ಅದು ಬರೀ ಬೂದು ಕಲ್ಲು. ನೀರು ಬಿದ್ದರೆ ಸಾಕು, ಒಂದರ ಮೇಲೊಂದು ಪೇರಿಸಿಟ್ಟ ತಲೆದಿಂಬುಗಳು ಎದ್ದು ಕಾಣುತ್ತಿದ್ದವು. ಒಂದೊಂದು ದಿಂಬಿಗೂ ಬೆರಳಗಲ ಕಪ್ಪು ಅಂಚು.

ಮೊದಲ ವರ್ಷ ನೀರು ಹೊರುವ ಕೂಲಿಗೆ ಹೋದವಳು ಇಪ್ಪತ್ತು ವರ್ಷ ಕೇಳಿ ಕೇಳಿ ಪಾಠವನ್ನೆಲ್ಲ ಬಾಯಿಗೆ ತಂದುಕೊಂಡಿದ್ದಳು. ಕೊನೆಕೊನೆಗೆ ಮೇಷ್ಟ್ರೇ, "ನೀವೇ ಹೇಳಿ ಗಾದ್ರಮ್ಮ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು.

"ಕೇಳ್ರಪ್ಪ, ಇದು ಹುಟ್ಟಿದಾಗ ಇಲ್ಲಿ ಊರೂ ಇಲ್ಲ, ಕೇರೀನೂ ಇಲ್ಲ. ಬರೀ ಸಮುದ್ರ. ಅದರ ತಳದಾಗೆ ನೆಲ ಉದ್ದಕ್ಕೂ ಸೀಳಿ ಎರಡು ಮಗ್ಗುಲಿಗೆ ಸರೀತಿತ್ತು. ಸೀಳಿನಾಗಿಂದ ಕರಗಿದ ಕಲ್ಲು ಬರಾದು ಯಾವಾಗ್ಲೂ ಇದ್ದದ್ದೇ. ಅಷ್ಟರಾಗೆ ಇನ್ನೂ ಆಳದಿಂದ ಬಿಸಿ ಅನ್ನಾದು ಕಂಬದಂಗೆ ಎದ್ದು ಅದೇ ಸೀಳಿನ ಕೆಳಗೆ ಬಂದು ನಿಂತ್ಕಂತು. ಒಂದೇ ಗಡಿಗೆಗೆ ಎರಡು ಒಲೆ ಹಚ್ಚಿದಂಗೆ. ಉಕ್ಕಿತು ನೋಡ್ರಿ! ಪದರದ ಮೇಲೆ ಪದರ ಕೂತು ನೀರೊಳಗೇ ಒಂದು ಸೀಮೆಯಷ್ಟಗಲ ದಿಬ್ಬ ಆತು. ತಣ್ಣೀರು ತಾಗಿದಲ್ಲಿ ಕೆನೆಗಟ್ಟಿತು, ಆ ಕೆನೆ ಒಡಕಂಡು ಇನ್ನೊಂದು ದಿಂಬು ಉಬ್ಬಿತು."

"ಸಮುದ್ರದ ದಿಬ್ಬ ಇಲ್ಲಿಗೆ ಹೆಂಗೆ ಬಂತಜ್ಜಿ?" ಎಂದು ಹೋದ ಸಲ ಬಂದಿದ್ದ ಹೊನ್ನಾಳಿಯ ರುಹೀನಾ ಎಂಬ ಹುಡುಗಿ ಕೇಳಿದ್ದಳು.

"ಸಮುದ್ರದ ತಳ ಸರೀತಾ ಸರೀತಾ ದಿಬ್ಬನ ದಂಡೆಗೆ ತಂತು. ತೆಳ್ಳಗಿದ್ದಿದ್ರೆ ದಂಡೆ ಕೆಳಗೆ ನುಸುಳಿ ಮುಳುಗೋದು. ಇದು ದಪ್ಪ. ನುಸುಳಾಕೆ ಆಗ್ಲಿಲ್ಲ, ದಂಡೆಗೇ ಅಂಟ್ಕಂತು. ನಮ್ಮ ನಾದಿನಿ ತವರಿಗೆ ಬಂದು ಕೂತಂಗೆ!"

ಹುಡುಗಿಯರು ಬಿದ್ದುಬಿದ್ದು ನಕ್ಕರು. "ಹಾಗೆ ಅಂತ ನಮ್ಮ ಅಂದಾಜು. ಅಂದಾಜಿಗೆ ಸಾಕ್ಷಿ ಅಂದರೆ ಇಂಥ ಬಂಡೆಗಳೇ" ಎಂದರು ಮೇಷ್ಟ್ರು. ಅಕ್ಷರ ಕಲಿಯದ ಗಾದ್ರಮ್ಮನಿಗೆ ಓದಲು ಬರುತ್ತಿದ್ದುದು ಆ ಬಂಡೆಯೊಂದೇ.

ಕಳೆದ ವರ್ಷ ಗುಡ್ಡ ಜಲ್ಲಿ ಕ್ರಷರಿನವರ ಪಾಲಾಯಿತು. ಗಾದ್ರಮ್ಮ ಮೇಷ್ಟ್ರಿಗೆ ಫೋನು ಮಾಡಿಸಿದಳು.

"ಗಣಿ ಇಲಾಖೆಗೆ ಅರ್ಜಿ ಕೊಟ್ಟಿದೀನಿ. ನೋಡ್ತೀವಿ ಅಂದಿದಾರೆ" ಎಂದರು ಅವರು.

"ಅವರು ನೋಡಾದ್ರೊಳಗೆ ಬಂಡೆ ಜಲ್ಲಿ ಆಗಿರತೈತೆ ಸಾ."

ಆ ಕಡೆ ಒಂದು ಕಟ್ಟಳೆಯಿದೆ. ಭಂಡಾರ, ಅಂದರೆ ದೇವರ ಅರಿಸಿನ, ಬಿದ್ದ ಕಲ್ಲಿಗೆ ಯಾರೂ ಕಬ್ಬಿಣ ತಾಗಿಸುವುದಿಲ್ಲ. ಜೆಸಿಬಿ ಬಂಡೆಯ ಬುಡಕ್ಕೆ ಬಂದ ದಿನ ಮಧ್ಯಾಹ್ನ ಗಾದ್ರಮ್ಮ ದೇವರ ಗೂಡಿನಿಂದ ಭಂಡಾರದ ಚೀಲ ತಂದಳು. ಮುಡಿ ಬಿಚ್ಚಿದಳು. ಅವಳ ಮೈಮೇಲೆ ಅವತ್ತು ಯಾವ ದೇವರೂ ಬಂದಿರಲಿಲ್ಲ, ಹಿಂದೆಂದೂ ಬಂದದ್ದಿಲ್ಲ. ಭಂಡಾರವನ್ನು ಬಂಡೆಗೆರಚಿ, "ನನ್ನ ಮ್ಯಾಲೆ ಕಬ್ಬಿಣ ಎತ್ತೀಯೇನೋ?" ಎಂದು ಕಿರುಚಿದಳು. ಡ್ರೈವರ್ ಕೆಳಗೆ ಹಾರಿ ಅಡ್ಡಬಿದ್ದ. ವಾರದೊಳಗೆ ಕ್ರಷರಿನವರು ಬೇರೆ ಗುಡ್ಡ ಹುಡುಕಿಕೊಂಡು ಹೋದರು.

ಗಾದ್ರಮ್ಮನಿಗೆ ಗೆದ್ದೆ ಅನ್ನಿಸಿದ್ದು ಆ ಒಂದು ವಾರ ಮಾತ್ರ. ಬಂಡೆಯಲ್ಲಿ ಅವ್ವ, ಅಂದರೆ ದೇವಿ, ನೆಲೆಸಿದಳೆಂದು ಮೈದುನನ ಮಗ ಪರಶುರಾಮ್ ಊರವರನ್ನು ಕೂಡಿಸಿ ಅದರ ಸುತ್ತ ಕಟ್ಟೆ ಕಟ್ಟಲು ಕೈಹಾಕಿದ. ಬಂಡೆಗೆ ಸುತ್ತಿಗೆ ತಾಗಿಸಬಾರದು, ಸರಿ. ಸಿಮೆಂಟು ಮೆತ್ತಬಾರದೆಂದು ಯಾರು ಹೇಳಿದ್ದರು? ದಿಂಬು ದಿಂಬಿನ ಸಂದಿಗೆಲ್ಲ ಸಿಮೆಂಟು ತುಂಬಿ ನುಣುಪು ಮಾಡಿದರು. ಅದರ ಮೇಲೆ ಕೆಂಪು ಆಯಿಲ್ ಪೇಂಟು ಎರಡು ಸಲ.

"ಲೇ ಪರಶುರಾಮ, ಒಂದು ಮೊಳ ಜಾಗನಾದ್ರೂ ಹಂಗೇ ಬಿಡ್ರೋ" ಎಂದು ಅಂಗಲಾಚಿದಳು.

"ನಿನ್ನ ಬಾಯಾಗೇ ಅವ್ವ ಮಾತಾಡಿದ್ದು ದೊಡ್ಡವ್ವ, ನೀನೇ ಹಿಂಗಂದ್ರೆ ಹೆಂಗೆ? ಅವ್ವನ್ನ ಬರಿಮೈಯಾಗೆ ಕೂರಿಸಾಕೆ ಆಗತದಾ?"

ಸುಳ್ಳು ಹೇಳಿದೆ ಅನ್ನುವ ಮಾತು ಗಂಟಲ ತನಕ ಬಂತು. ಹಾಗಂದುಬಿಟ್ಟರೆ ನಾಳೆಯೇ ಜೆಸಿಬಿ ವಾಪಸು ಬರುತ್ತದೆ. ನುಂಗಿಕೊಂಡಳು.

ಈ ವರ್ಷ ಮೇಷ್ಟ್ರು ಬಂದವರು ಕಟ್ಟೆಯ ಕೆಳಗೆ ಶೂ ಬಿಚ್ಚಬೇಕಾಯಿತು. ಪೇಂಟಿನ ಮೇಲೆ ಕೈಯಾಡಿಸಿ ದಿಂಬಿನ ಅಂಚಿಗಾಗಿ ತಡಕಿದರು.

"ಏನ್ ಮಾಡಿದ್ರಿ ಗಾದ್ರಮ್ಮ?"

"ಉಳಿಸಿದೆ ಸಾ."

"ಕ್ರಷರಿನವರು ಅರ್ಧ ಒಡೆದು ಬಿಟ್ಟಿದ್ದರೂ ಒಡೆದ ಮುಖದಲ್ಲಿ ದಿಂಬುಗಳು ಕಾಣ್ತಿದ್ವು" ಎಂದರು. ಬೈದು ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಅವರು ಮೆಲ್ಲಗೆ ಹೇಳಿದರು.

ರುಹೀನಾ ಈ ಸಲವೂ ಬಂದಿದ್ದಳು. "ಬಾಯಲ್ಲಾದ್ರೂ ಹೇಳಜ್ಜಿ, ಇವರೆಲ್ಲ ಹೊಸಬರು."

"ಏನು ತೋರಿಸಿ ಹೇಳ್ಲವ್ವಾ?"

ಮುಂದಿನ ವರ್ಷ ಬೇರೆ ಜಾಗ ನೋಡಿಕೊಳ್ಳುತ್ತೇವೆ ಎಂದು ಹೇಳಿ ಮೇಷ್ಟ್ರು ವ್ಯಾನು ಹತ್ತಿದರು. ಧೂಳು ಇನ್ನೂ ಕೂತಿರಲಿಲ್ಲ, ಪಕ್ಕದೂರಿನ ಹೊನ್ನೂರಮ್ಮ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದು ಗಾದ್ರಮ್ಮನ ಕಾಲು ಹಿಡಿದಳು.

"ಗಬ್ಬದ ಎಮ್ಮೆ ಕಣ್ಣಿ ಕಿತ್ಕಂಡು ಹೋಗಿ ಮೂರು ದಿನ ಆತು. ಯಾವ ದಿಕ್ಕಿಗೈತೆ, ನಿನ್ನ ಬಾಯಾಗೆ ಅವ್ವನ್ನ ಕೇಳಿ ಹೇಳೇ ತಾಯಿ."

ಪರಶುರಾಮ್ ಕಟ್ಟೆಯ ಮೇಲಿಂದ ನೋಡುತ್ತಿದ್ದ. ಗಾದ್ರಮ್ಮ ಮುಡಿ ಬಿಚ್ಚಿದಳು.

"ಬಡಗಲಿಗೆ ಹುಡುಕು" ಎಂದಳು.