ಅಪ್ಲಿಕೇಶನ್ ಹೆಚ್ಚಾಯಿತು

ಅಪ್ಲಿಕೇಶನ್ ಎಂದರೆ ಅರ್ಜಿ. ಪುಣೆಗೆ ಬಂದ ಮೇಲೆ ನಾನು ಕಲಿತ ಮೊದಲ ಇಂಗ್ಲಿಷ್ ಶಬ್ದಗಳಲ್ಲಿ ಅದೂ ಒಂದು. ರೇಷನ್ ಕಾರ್ಡಿಗೆ ಅಪ್ಲಿಕೇಶನ್, ನಳದ ನೀರಿಗೆ ಅಪ್ಲಿಕೇಶನ್, ಗಂಡ ಸತ್ತಾಗ ಲೈಟಿನ ಮೀಟರು ಮಗನ ಹೆಸರಿಗೆ ಆಗಲಿಕ್ಕೆ ಅಪ್ಲಿಕೇಶನ್. ಹೀಗಾಗಿ ಮೊಮ್ಮಗಳು ತಾನು ಮೊಬೈಲ್ ಅಪ್ಲಿಕೇಶನ್ ಬರೆಯುವುದನ್ನು ಕಲಿಯುತ್ತಿದ್ದೇನೆ ಎಂದಾಗ, ಮೊಬೈಲ್ ಬೇಕಾದವರಿಗೆ ಅರ್ಜಿ ತುಂಬಿಕೊಡುವ ಕೆಲಸ ಇರಬೇಕು ಎಂದುಕೊಂಡೆ. ಅದಕ್ಕೆ ಡಿಗ್ರಿ ಮಾಡಿ, ಅದರ ಮೇಲೆ ಡೆಕ್ಕನ್ ಜಿಮಖಾನಾದ ತನಕ ಕ್ಲಾಸಿಗೆ ಬೇರೆ ಹೋಗಬೇಕೇ ಎಂದು ಕೇಳಿದೆ. ಅವಳು ನಕ್ಕಳು. ನಗಲಿ. ಹಾಗಾದರೆ ಅದು ಏನು ಎಂದು ಕೇಳಿದೆ. ಹೇಳಲಿಕ್ಕೆ ಅವಳಿಗೂ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಎಂಟೊಂಬತ್ತು ವರ್ಷವಾಗಿದ್ದ ಕಾಲ ಅದು. ನಾವು ಗುಲಟೇಕಡಿಯಲ್ಲಿ, ಮಾರ್ಕೆಟ್ ಯಾರ್ಡಿನ ಹಿಂದೆ ಇದ್ದೆವು. ನನ್ನ ಗಂಡ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಮಗ ಅಲ್ಲೇ ಲಾರಿ ಬುಕಿಂಗ್ ಆಫೀಸಿನಲ್ಲಿದ್ದ. ಸೊಸೆ ವಿಜಾಪುರದ ಕಡೆಯವಳು. ಇವರಿಬ್ಬರ ಒಬ್ಬಳೇ ಮಗಳು ಈ ಮೊಮ್ಮಗಳು.

ಹುಡುಗಿ ಆಗಲೇ ಎರಡು ಕಡೆ ಇಂಟರ್‌ವ್ಯೂಗೆ ಹೋಗಿ ಬಂದಿದ್ದಳು. ಎರಡೂ ಕಡೆ ಆಗಲಿಲ್ಲ. ಪುಣೆಯದೇ ಕೋಥರೂಡದಲ್ಲಿ ಮೂರನೆಯದು ಇತ್ತು. ಇತ್ತ ಪುಣೆಯಿಂದ ಎರಡು ತಾಸಿನ ದಾರಿಯ ಶಿರೂರಿನಲ್ಲಿ ಅರಿವೆ ಅಂಗಡಿ ಇಟ್ಟುಕೊಂಡಿದ್ದ ಅವಳ ಸೋದರಮಾವ ಅಲ್ಲಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಜಾಗ ಹಿಡಿದಿಟ್ಟಿದ್ದ. ದೀಪಾವಳಿ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಹೂಂ ಅನ್ನಬೇಕು, ಮಾವನ ಮನೆಯಲ್ಲೇ ಇರಬೇಕು. ಕೋಥರೂಡದ್ದು ಆಗದಿದ್ದರೆ ಶಿರೂರು ಎಂದು ಮಗ ಹೇಳಿಬಿಟ್ಟಿದ್ದ. ಅವಳಿಗೆ ಶಿರೂರು ಬೇಡವಾಗಿತ್ತು. ಮಕ್ಕಳಿಗೆ ಇಲಿ ಹಿಡಿದು ಚಿತ್ರ ತೆಗೆಯುವುದನ್ನು ಕಲಿಸುತ್ತ ಕೂತರೆ ತಾನು ಕಲಿತದ್ದೆಲ್ಲ ವರ್ಷದೊಳಗೆ ಮರೆತುಹೋಗುತ್ತದೆ ಎನ್ನುತ್ತಿದ್ದಳು. ಇಲಿ ಎಂದರೆ ಕಂಪ್ಯೂಟರಿನ ಇಲಿ. ನನಗಂತೂ ಶಿರೂರಿನಲ್ಲಿ ತಪ್ಪೇನೂ ಕಾಣಲಿಲ್ಲ. ಸಂಬಳ ಬರುತ್ತದೆ, ಮಾವನ ಮನೆಯ ಊಟ ಇದೆ. ಹಾಗೆಂದು ಅವಳ ಎದುರಿಗೇ ಹೇಳಿದ್ದೆ. ಅವಳು ನನ್ನ ಜೊತೆ ಒಂದು ದಿನ ಮಾತು ಬಿಟ್ಟಳು.

ಮರುದಿನ ಮಾತಾಡಲೇಬೇಕಾಯಿತು. ಅಡುಗೆಮನೆ ಬಿಟ್ಟರೆ ಇದ್ದದ್ದು ಒಂದೇ ಕೋಣೆ. ಕಂಪ್ಯೂಟರ್ ಅಲ್ಲೇ, ಸೊಪ್ಪು ಸೋಸುವ ನಾನೂ ಅಲ್ಲೇ. ಅವಳು ಕ್ಲಾಸಿನವರು ಕೊಟ್ಟ ಝೆರಾಕ್ಸ್ ಹಾಳೆ ಹಿಡಿದು ಪ್ರಶ್ನೆ ಉತ್ತರಗಳನ್ನು ಕಂಠಪಾಠ ಮಾಡುತ್ತಿದ್ದಳು. ಒಂದೇ ಉಸಿರಿನಲ್ಲಿ ಇಂಗ್ಲಿಷ್ ಓಡುತ್ತಿತ್ತು. ನಡುವೆ ಒಂದು ಶಬ್ದ ಮರೆತರೆ ಮತ್ತೆ ಮೊದಲಿನಿಂದ.

"ಅದನ್ನ ಕನ್ನಡದಾಗ ಹೇಳು," ಅಂದೆ.

"ಕನ್ನಡದಾಗ ಯಾರು ಕೇಳ್ತಾರಜ್ಜಿ?"

"ನಾ ಕೇಳ್ತೀನಿ. ಇಂಗ್ಲಿಷ್‌ನ್ಯಾಗ ಅಂದ್ರ ನನಗ ನಿದ್ದಿ ಬರ್ತದ, ಸೊಪ್ಪಿನಾಗ ಹುಳ ಉಳೀತಾವ."

ಆಪರೇಟಿಂಗ್ ಸಿಸ್ಟಮ್ ಅಂದರೆ ಏನು ಎಂಬುದು ಹಾಳೆಯ ಮೊದಲನೆಯ ಪ್ರಶ್ನೆ. ಅವಳು ಹಾಳೆ ಮಡಚಿಟ್ಟು ಹೇಳಿದಳು. ಫೋನಿನೊಳಗೆ ಕ್ಯಾಮೆರಾ ಇದೆ, ಸ್ಪೀಕರ್ ಇದೆ, ಜಾಗ ಇದೆ. ಅಪ್ಲಿಕೇಶನ್ ಅಂದರೆ ಅದರಲ್ಲಿ ಒಂದೊಂದು ಕೆಲಸ ಮಾಡುವ ಪ್ರೋಗ್ರಾಮು: ಒಂದು ಆಟ, ಒಂದು ಅಲಾರಂ, ಒಂದು ಲೆಕ್ಕದ ಯಂತ್ರ. ಇವು ಯಾವುವೂ ತಾವಾಗಿ ಕ್ಯಾಮೆರಾಕ್ಕೆ ಕೈ ಹಾಕುವಂತಿಲ್ಲ. ನಡುವೆ ಒಬ್ಬ ಇದ್ದಾನೆ. ಅವನನ್ನು ಕೇಳಬೇಕು, ಅವನು ಕೊಟ್ಟಷ್ಟು ತೆಗೆದುಕೊಳ್ಳಬೇಕು.

"ಹಮಾಲರ ಮುಕಾದಮ ಇದ್ದಂಗ," ಅಂದೆ.

ಯಾರ್ಡಿನಲ್ಲಿ ಲಾರಿ ಬಂದು ನಿಂತರೆ ಹಮಾಲರು ಹೋಗಿ ಚೀಲಕ್ಕೆ ಕೈ ಹಚ್ಚುವಂತಿಲ್ಲ. ಯಾರು ಏರಬೇಕು, ಯಾರು ಕೂಡಬೇಕು ಎಂದು ಅವರ ಮುಕಾದಮ ಹೇಳಬೇಕು.

"ಹಂಗಽ ಅನ್ನು," ಅಂದಳು. "ಪೂರ್ತಿ ಹಂಗಲ್ಲ, ಆದ್ರ ಹಂಗಽ ಅನ್ನು."

"ಮುಕಾದಮ ನಡುವ ರೊಕ್ಕ ತಿಂತಾನ. ಇಂವಾ ಏನು ತಿಂತಾನ?"

"ಇಂವನೂ ತಿಂತಾನ. ಮೆಮರಿ ತಿಂತಾನ, ಬ್ಯಾಟರಿ ತಿಂತಾನ."

"ಮತ್ತ ಪೂರ್ತಿ ಹಂಗಽ ಆತಲ್ಲ."

ಅಂದಿನಿಂದ ನನಗೆ ಅದರ ಹುಚ್ಚು ಹಿಡಿಯಿತು. ಸುಳ್ಳು ಹೇಳುವುದೇಕೆ, ಅವಳ ನೌಕರಿಯ ಕಾಳಜಿಯಿಂದ ಕೇಳುತ್ತಿರಲಿಲ್ಲ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಇಷ್ಟು ಸಣ್ಣ ಡಬ್ಬಿಯೊಳಗೆ ಇಷ್ಟು ಕಾರಭಾರ ನಡೆಯುತ್ತದೆ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಫೋನು ಅಂದರೆ ತಂತಿಯಿಲ್ಲದೆ ಮಾತಾಡುವುದು ಎಂದಷ್ಟೇ ತಿಳಿದಿದ್ದೆ.

ಒಂದು ದಿನ ಅವಳು ಕಂಪ್ಯೂಟರಿನ ಪರದೆಯ ಮೇಲೆ ಒಂದು ಫೋನು ತೋರಿಸಿದಳು. ಫೋನಿನ ಚಿತ್ರ, ಆದರೆ ಗುಂಡಿ ಒತ್ತಿದರೆ ನಡೆಯುತ್ತದೆ. ಹೊಸದಾಗಿ ಬಂದ ಆಂಡ್ರಾಯ್ಡ್ ಎಂಬ ಜಾತಿಯ ಫೋನು. ಖರೇ ಫೋನು ಕೊಳ್ಳುವಷ್ಟು ಶಕ್ತಿ ನಮಗಿರಲಿಲ್ಲ, ಕ್ಲಾಸಿನಲ್ಲೂ ಇರಲಿಲ್ಲವಂತೆ. ಬರೆದ ಪ್ರೋಗ್ರಾಮನ್ನು ಈ ಚಿತ್ರದ ಫೋನಿನಲ್ಲಿ ಹಾಕಿ ನೋಡಬೇಕು. ಅದಕ್ಕೆ ಎಮ್ಯುಲೇಟರ್ ಅನ್ನುತ್ತಾರೆ. ಅದು ಕಣ್ಣು ಬಿಡುವುದರೊಳಗೆ ನನ್ನ ಮೆಂತ್ಯದ ಸೂಡು ಬಿಡಿಸಿ ಆಗುತ್ತಿತ್ತು.

"ಇದಕ್ಕ ಫೋನ್ ಹಚ್ಚಲಿಕ್ಕೆ ಬರ್ತದೇನು?" ಕೇಳಿದೆ.

"ಬರ್ತದ. ಹಚ್ಚಿದಂಗ ಮಾಡ್ಲಿಕ್ಕೆ ಬರ್ತದ."

ಮಾಡಿ ತೋರಿಸಿದಳು. ಅವಳು ಬರೆದ ಚೆಂಡಿನ ಆಟ ನಡೆದಿತ್ತು. ಕರೆ ಬಂತು, ಆಟ ಹಿಂದೆ ಸರಿಯಿತು. ಕರೆ ಮುಗಿಸಿದಳು, ಆಟ ಮುಂದೆ ಬಂತು. ಆದರೆ ಕೆಲವು ಸಲ ಆಟ ಹಿಂದೆ ಹೋದದ್ದು ತಿರುಗಿ ಬರುವುದಿಲ್ಲ ಎಂದು ಹೇಳಿದಳು. ಫೋನಿನಲ್ಲಿ ಜಾಗ ಕಡಿಮೆ. ಕಣ್ಣೆದುರಿಗೆ ಇರುವುದಕ್ಕೆ ಜಾಗ ಸಾಲದಿದ್ದರೆ ಸಿಸ್ಟಮ್ ಹಿಂದೆ ಕೂತದ್ದನ್ನು ಕೊಲ್ಲುತ್ತದೆ.

"ಕೊಲ್ತದ ಅಂದ್ರ?"

"ಕಿಲ್ ಮಾಡ್ತದ. ಸಾಯಸ್ತದ."

ಸೊಸೆ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. "ದೀಪ ಹಚ್ಚೂ ಹೊತ್ತಿನಾಗ ಕೊಲ್ಲೋದು ಸಾಯೋದು ಏನದು?" ಎಂದು ಮಗಳಿಗೆ ಅಂದಳು. "ಬಾಯಾಗ ಬ್ಯಾರೆ ಮಾತಿಲ್ಲೇನು?"

"ಪುಸ್ತಕದಾಗ ಹಂಗ ಬರದಾರವ್ವಾ."

"ಬರದವರ ಮನ್ಯಾಗ ದೀಪ ಹಚ್ಚೂದಿಲ್ಲೇನೋ."

ನನ್ನ ಸೊಸೆ ಕೆಟ್ಟ ಮಾತನ್ನು ಬಾಯಿಗೆ ತರುವವಳಲ್ಲ. ಅಕ್ಕಿ ತೀರಿದರೆ ಅಕ್ಕಿ ಹೆಚ್ಚಾಗ್ಯಾವ ಅನ್ನುತ್ತಾಳೆ. ಬಳೆ ಒಡೆದರೆ ಬಳಿ ಹೆಚ್ಚಾತು. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತಾಳೆ. ಮರಾಠಿಯವರಲ್ಲೂ ಇದೇ ರೂಢಿ. ಸಂಜೆ ಅಂಗಡಿ ಮುಚ್ಚುವಾಗ ಮುಚ್ಚಿದೆ ಅನ್ನುವುದಿಲ್ಲ, ದುಕಾನ ವಾಢವಲಂ ಅನ್ನುತ್ತಾರೆ. ವಾಢವಣೆ ಅಂದರೆ ಹೆಚ್ಚಿಸುವುದು. ನಾನು ಮಾತ್ರ ತೀರಿದ್ದನ್ನು ತೀರಿತು ಅನ್ನುತ್ತೇನೆ. ಅಕ್ಕಿ ಹೆಚ್ಚಾಗಿದೆ ಎಂದರೆ ಮಗ ಅಂಗಡಿಗೆ ಏಕೆ ಹೋದಾನು? ಇದಕ್ಕಾಗಿ ಮೊದಲು ಅತ್ತೆಯಿಂದ ಬೈಸಿಕೊಂಡೆ, ಆಮೇಲೆ ಸೊಸೆ ಮುಖ ಸಿಂಡರಿಸುವುದನ್ನು ನೋಡಿದೆ.

ಅವ್ವನ ಕಾಟಕ್ಕೆ ಹುಡುಗಿ ಮಾತು ಬದಲಿಸಿದಳು. ಮೊದಲು ಚೇಷ್ಟೆಗೆ, ಆಮೇಲೆ ರೂಢಿಯಾಗಿ. "ಜಾಗ ಸಾಲಲಿಲ್ಲ ಅಂದ್ರ ಸಿಸ್ಟಮ್ ಹಿಂದಿನ ಅಪ್ಲಿಕೇಶನ್ ಹೆಚ್ಚು ಮಾಡ್ತದ," ಎಂದು ಹೇಳಿ ಒಬ್ಬಳೇ ನಗುವಳು. ದೀಪಾವಳಿಯ ಹಿಟ್ಟು ಬೀಸಿಸುವ, ಚಕ್ಕುಲಿ ಕರಿಯುವ ದಿನಗಳುದ್ದಕ್ಕೂ ನಮ್ಮ ಮನೆಯಲ್ಲಿ ಅಪ್ಲಿಕೇಶನ್‌ಗಳು ಹೆಚ್ಚಾಗುತ್ತಲೇ ಇದ್ದವು.

ನನಗೆ ಬೇರೆಯೇ ಸಂಶಯ. "ಕೊಲ್ಲೂಕಿಂತ ಮೊದಲು ಅದಕ್ಕ ಹೇಳ್ತದೇನು?" ಎಂದು ಕೇಳಿದೆ.

"ಹೇಳ್ತದ. ಕಡೀಗೆ ಒಮ್ಮೆ ಕರೀತದ, ಇನ್ನ ನೀ ಮುಗದಿ ಅಂತ."

"ಪ್ರತಿ ಸಲ ಹೇಳ್ತದೇನು?"

ನನ್ನ ಗಂಡ ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತ ನಿಂತಲ್ಲೇ ಸತ್ತ. ಅದಕ್ಕೇ ಕೇಳಬೇಕೆನಿಸಿತು, ಮತ್ತೇನಿಲ್ಲ. ಹುಡುಗಿ ಹಾಳೆ ತಿರುವಿದಳು. ಹಾಳೆಯಲ್ಲಿ ಅದು ಇರಲಿಲ್ಲ. ಮರುದಿನ ಕ್ಲಾಸಿನ ಸರ್‌ಗೆ ಕೇಳಿದಳು, ಎಮ್ಯುಲೇಟರಿನಲ್ಲೂ ಮಾಡಿ ನೋಡಿದಳು. ಬಂದು ಹೇಳಿದಳು, ಪ್ರತಿ ಸಲ ಹೇಳುವುದಿಲ್ಲವಂತೆ. ಹಿಂದೆ ಸರಿಸುವಾಗ ಒಂದು ಸಲ ಹೇಳುವುದಷ್ಟೇ ಖಾತ್ರಿ. ಅದಕ್ಕೆ ಪಾಜ್ ಅನ್ನುತ್ತಾರೆ. ಉಳಿಸಿಕೊಳ್ಳುವುದು ಏನಿದ್ದರೂ ಆಗಲೇ ಉಳಿಸಿಕೊಳ್ಳಬೇಕು, ಆಮೇಲೆ ಕೇಳುವವರಿಲ್ಲ. ತನ್ನ ಚೆಂಡಿನ ಆಟದಲ್ಲಿ ಅವಳು ಅಂಕಗಳನ್ನು ಉಳಿಸುವ ಕೆಲಸವನ್ನು ಕಡೆಯ ಕರೆಗೆ ಬಿಟ್ಟಿದ್ದಳು. ಅದನ್ನು ತಿದ್ದುತ್ತ ಕೂತಳು, ಸೊಸೆ ಚಕ್ಕುಲಿ ಒತ್ತಲು ಕರೆದರೂ ಏಳಲಿಲ್ಲ.

ಇಂಟರ್‌ವ್ಯೂ ದಿನ ಅವಳು ಮಧ್ಯಾಹ್ನ ದಾಟಿದ ಮೇಲೆ ಬಂದಳು. ಚಪ್ಪಲಿ ಬಿಟ್ಟು ನೇರ ನನ್ನ ಎದುರು ಕೂತಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಆತೇನು?" ಸೊಸೆ ಕೇಳಿದಳು.

"ಮೊದಲು ಕೇಳ್ರಿ," ಎಂದು ಹೇಳತೊಡಗಿದಳು.

ಒಂದು ಬಂಗಲೆಯ ಮೇಲಿನ ಮಹಡಿಯಲ್ಲಿ ಆಫೀಸು. ಇಬ್ಬರು ಕೂತಿದ್ದರು, ವಯಸ್ಸಾದ ಮಾಲಕ ಒಬ್ಬ, ಕನ್ನಡಕದ ಹುಡುಗ ಒಬ್ಬ. ಇವಳು ಕಂಠಪಾಠದ ಇಂಗ್ಲಿಷ್ ಬಿಟ್ಟಳು. ಸ್ವಲ್ಪ ಹೊತ್ತಿಗೆ ಮಾಲಕ ಕೈ ಎತ್ತಿ, ಪಾಠ ಸಾಕು, ಮರಾಠಿಯಲ್ಲೇ ಹೇಳು ಅಂದ. ಮೆಮರಿ ಸಾಲದಾದರೆ ಸಿಸ್ಟಮ್ ಏನು ಮಾಡುತ್ತದೆ?

"ನಾ ಏನಂದೆ ಗೊತ್ತೇನು? ಮೆಮರಿ ಕಮೀ ಪಡಲೀ ಕೀ ಸಿಸ್ಟಮ್ ಮಾಗಚಂ ಅಪ್ಲಿಕೇಶನ್ ವಾಢವತೇ, ಅಂದೆ."

ನಾನು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟೆ. ಮೆಮರಿ ಸಾಲದಾದರೆ ಹಿಂದಿನ ಅಪ್ಲಿಕೇಶನ್ ಹೆಚ್ಚಿಸುತ್ತದೆ!

"ಕನ್ನಡಕದಂವ ನಕ್ಕ. ಜಾಗಽ ಇಲ್ಲ, ಮತ್ತ ಹೆಚ್ಚು ಮಾಡ್ತದಂತ, ಯಾವ ಕ್ಲಾಸಿನಾಗ ಕಲಸ್ಯಾರಿದು ಅಂತ ಕೇಳಿದ. ನನಗ ಆವಾಗೂ ತಿಳೀಲಿಲ್ಲ ತಪ್ಪೇನು ಅಂತ. ವಾಢವತೇ, ವಾಢವತೇ ಅಂತ ಎರಡು ಸಲ ಜೋರಲೆ ಹೇಳಿದೆ."

"ಅಯ್ಯ," ಅಂದಳು ಸೊಸೆ.

ಮಾಲಕ ಮಾತ್ರ ನಗದೆ ಇವಳನ್ನೇ ನೋಡಿದನಂತೆ. ಅವನ ಅಪ್ಪನದು ಪೇಟೆಯಲ್ಲಿ ಅಂಗಡಿಯಿತ್ತಂತೆ. "ದುಕಾನ ವಾಢವತಾತ, ತಸಂ?" ಎಂದು ಕೇಳಿದ. ಅಂಗಡಿ ಮುಚ್ಚುತ್ತಾರಲ್ಲ, ಹಾಗೋ? ಆಗ ಇವಳಿಗೆ ತಾನು ಅಂದದ್ದು ಹೊಳೆಯಿತು. ಕಿವಿ ಕೆಂಪಾಗಿ, "ಹೋ ಸರ್, ಮಾರತೇ, ಮಾರತೇ," ಎಂದು ಬಡಬಡಿಸಿದಳು. ಮಾರತೇ ಅಂದರೆ ಮರಾಠಿಯಲ್ಲಿ ಕೊಲ್ಲುತ್ತದೆ ಎಂದು. ಕನ್ನಡಕದವನಿಗೆ ನಗುವ ವಿಷಯ ಮುಗಿದುಹೋಯಿತು. ಸರಿ, ಕೊಂದಿತು, ಆಡುವವನ ಅಂಕಗಳ ಗತಿ ಏನು ಎಂದು ಅವನೇ ಕೇಳಿದ. ಇವಳು ಪಾಜಿನ ಮಾತು ಹೇಳಿದಳು, ಕಡೆಯ ಕರೆಯನ್ನು ಏಕೆ ನಂಬಬಾರದು ಎಂಬುದನ್ನೂ ಹೇಳಿದಳು. ಅಲ್ಲಿಯದೇ ಕಂಪ್ಯೂಟರಿನಲ್ಲಿ ಬರೆದು ತೋರಿಸು ಅಂದರು, ಬರೆದಳು. ಇಂಟರ್‌ನೆಟ್ಟಿನಿಂದ ಚಿತ್ರ ತರಿಸುವುದನ್ನು ಕೇಳಿದರು, ಬರುವುದಿಲ್ಲ ಅಂದಳು. ದೀಪಾವಳಿ ಮುಗಿಯಲಿ, ಫೋನ್ ಮಾಡುತ್ತೇವೆ ಅಂದರು.

"ನೋಡು ನಿನ್ನ ಸೋಬಾನದ ಮಾತು," ಎಂದು ಸೊಸೆಗೆ ಅಂದೆ. "ಹುಡುಗೀನ ಶಿರೂರಿಗೆ ಮುಟ್ಟಸ್ತಿತ್ತು."

"ಆ ಮಾತಿಗೇ ಅವರ ನೆನಪಿನಾಗ ಉಳದಾಳ ತಗೋರಿ ಅತ್ತಿ. ಬರೇ ಕೊಲ್ತದ ಅಂದವರು ಎಷ್ಟು ಮಂದಿ ಬಂದು ಹೋಗಿರ್ತಾರ."

ಇಬ್ಬರೂ ಬಿಟ್ಟುಕೊಡಲಿಲ್ಲ. ಹಬ್ಬದ ದಿನವೂ ಇದೇ ವಾದ. ಶಿರೂರಿನ ಮಾವ ಫೋನು ಮಾಡಿ, ಶಾಲೆಯವರು ಬೇರೆಯವರನ್ನು ನೋಡುತ್ತಿದ್ದಾರೆ, ಸೋಮವಾರ ಬಂದು ಹಾಜರಾಗಬೇಕು ಅಂದ. ಮಗ ಹುಡುಗಿಯ ಬಟ್ಟೆ ಹಿಡಿಸುವ ಬ್ಯಾಗು ಅಟ್ಟದಿಂದ ಇಳಿಸಿದ. ಅವಳು ಅದನ್ನು ತೆರೆಯಲೂ ಇಲ್ಲ, ಅಟ್ಟಕ್ಕೆ ಏರಿಸಲೂ ಇಲ್ಲ. ಫೋನಿನ ಹತ್ತಿರವೇ ಕೂತು ಇಂಟರ್‌ನೆಟ್ಟಿನಿಂದ ಚಿತ್ರ ತರಿಸುವುದನ್ನು ಓದುತ್ತಿದ್ದಳು. ಬರುವುದಿಲ್ಲ ಎಂದು ಹೇಳಿ ಬಂದದ್ದನ್ನು ಈಗ ಕಲಿತು ಏನುಪಯೋಗ ಎಂದೆ. "ಅದು ಹೆಂಗ ಬರ್ತದಂತ ನೋಡಬೇಕಲ್ಲ," ಅಂದಳು. ಹೆಂಗ ಬರ್ತದ ನೋಡೋಣ ಎಂದು ನಾನೂ ಅವಳ ಪಕ್ಕಕ್ಕೆ ಸರಿದು ಕೂತೆ.

ಶನಿವಾರ ಕೋಥರೂಡದಿಂದ ಫೋನು ಬಂತು. ಮೊದಲು ಮೂರು ತಿಂಗಳು ನೋಡುತ್ತೇವೆ, ಆಮೇಲೆ ಪಕ್ಕಾ ಮಾಡುತ್ತೇವೆ ಅಂದರಂತೆ. ಸಂಬಳ ಶಿರೂರಿಗಿಂತ ಕಡಿಮೆಯೇ ಇತ್ತು. ಮಾತು ನೆನಪುಳಿಯಿತೋ ಪಾಜ್ ಕೆಲಸ ಮಾಡಿತೋ ನನಗೆ ಗೊತ್ತಿಲ್ಲ. ಕಡಿಮೆ ಸಂಬಳಕ್ಕೆ ಬರುವವರು ಬೇಕಾಗಿದ್ದರೂ ಬೇಕಾಗಿದ್ದೀತು. ಹುಡುಗಿ ಬ್ಯಾಗನ್ನು ತಾನೇ ಸ್ಟೂಲು ಹತ್ತಿ ಅಟ್ಟಕ್ಕೆ ಹಾಕಿದಳು.

ಶಿರೂರಿಗೆ ಯಾರು ಹೇಳಬೇಕು? ಮಗ ಆಫೀಸಿಗೆ ಹೊರಟುನಿಂತ. ಸೊಸೆ ಫೋನು ಹಚ್ಚಿ, ಅಣ್ಣನ ಕೂಡ ಹಬ್ಬದ ಊಟದ ಮಾತು, ಮಳೆಯ ಮಾತು, ನೋಡೋಣ, ವಿಚಾರ ಮಾಡೋಣ ಎಂದು ಸುತ್ತಾಡತೊಡಗಿದಳು. ನಾನು ಫೋನು ಇಸಿದುಕೊಂಡೆ.

"ಹುಡುಗಿ ಬರೂದಿಲ್ಲಪಾ. ಇಲ್ಲೇ ನೌಕರಿ ಆಗೇದ."

ಅವನಿಗೆ ಸಿಟ್ಟು ಬಂತು. ಬರಲಿ. ಸಂಕ್ರಾಂತಿಯ ತನಕ ಫೋನು ಮಾಡಲಿಲ್ಲ.

ಮೊದಲ ದಿನದ ಕೆಲಸ ಮುಗಿಸಿ ಹುಡುಗಿ ಸೋಮವಾರ ಸಂಜೆ ಬಂದಳು. ಕೈಕಾಲು ತೊಳೆಯುವುದಕ್ಕೂ ಬಿಡದೆ ಏನು ಮಾಡಿದೆ ಎಂದು ಕೇಳಿದೆ.

"ಒಂದು ಬಟನ್ ಇತ್ತಜ್ಜಿ. ಅದರ ಬಣ್ಣ ಬದಲ ಮಾಡಿದೆ."

"ದಿನಾಪೂರ್ತಿ?"

"ದಿನಾಪೂರ್ತಿ. ಹಚ್ಚಿದ ಬಣ್ಣ ಒಂದೂ ಅವರಿಗೆ ಸೇರವಲ್ದು."

"ಮೊದಲು ಯಾವ ಬಣ್ಣ ಇತ್ತು?" ಅಂದೆ, ಸರಿದು ಅವಳಿಗೆ ಕೂಡಲು ಜಾಗ ಮಾಡಿಕೊಟ್ಟೆ.